ಎದುರು ಕೂತು ಕೊಟ್ಟ ಕೆನ್ನೆ

ನಮ್ಮೂರಿಗೆ ಮಂಜು ಬರುವುದು ಸಂಜೆ ಹೊತ್ತಿಗೆ, ನೀರಿನ ಕಡೆಯಿಂದ. ಮೊದಲು ಆಚೆ ದಡ ಮಸುಕಾಗುತ್ತದೆ, ಆಮೇಲೆ ದೋಣಿಗಳು, ಆಮೇಲೆ ಬಟ್ಟೆ ಒಗೆಯುವ ಕಲ್ಲು, ಕೊನೆಗೆ ನಮ್ಮ ಮನೆಯ ಮೆಟ್ಟಿಲು. ಒಳಗೆ ಬಂದ ಮಂಜು ಯಾರಿಗೂ ತೊಂದರೆ ಕೊಡುವುದಿಲ್ಲ. ಸ್ವಲ್ಪ ಹೊತ್ತು ಎಲ್ಲರ ಕೆನ್ನೆಯೂ ನಾದಿಟ್ಟ ಕಣಕದ ಹಾಗೆ ಮೆತ್ತಗಾಗುತ್ತದೆ, ಅಷ್ಟೆ. ಆ ಹೊತ್ತಿನಲ್ಲಿ ಮನಸ್ಸಿದ್ದವರು ತಮ್ಮ ಕೆನ್ನೆಯಿಂದ ಒಂದಿಷ್ಟು ತೆಗೆದು ಇನ್ನೊಬ್ಬರ ಕೆನ್ನೆಗೆ ತುಂಬಬಹುದು. ಮಂಜು ಕರಗಿದ ಮೇಲೆ ಅದು ಅಲ್ಲೇ ನಿಲ್ಲುತ್ತದೆ. ಕೊಟ್ಟವರಿಗೇ ಹಿಂದಕ್ಕೆ ಕೊಡಲು ಮಾತ್ರ ಬರುವುದಿಲ್ಲ, ಎಷ್ಟು ಒತ್ತಿದರೂ ಜಾರಿಕೊಂಡು ಬರುತ್ತದೆ. ಹಾಗಾಗಿ ನಮ್ಮೂರಿನಲ್ಲಿ ಬೇರೆ ಎಲ್ಲದಕ್ಕೂ ಜಗಳ ಉಂಟು, ಕೆನ್ನೆಗೆ ಇಲ್ಲ.

ನಮ್ಮ ಮುದುಕರಿಗೆ ಕೆನ್ನೆಯೇ ಇರುವುದಿಲ್ಲ. ಮಕ್ಕಳಿಗೆ, ಸೊಸೆಯರಿಗೆ, ಮೊಮ್ಮಕ್ಕಳಿಗೆ ಕೊಟ್ಟು ಕೊಟ್ಟು ಮುಗಿಸಿರುತ್ತಾರೆ. ಕಟ್ಟೆಯ ಮೇಲೆ ಕುಳಿತು ದಾರಿಯಲ್ಲಿ ಹೋಗುವವರನ್ನು ನೋಡುತ್ತಾ, ‘ಆ ಬಸ್ಸಿನ ಡ್ರೈವರ್ ಇದಾನಲ್ಲ, ಅವನ ಬಲಗೆನ್ನೆ ನಂದು’ ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಡ್ರೈವರು ಅವರಿಗಾಗಿ ಬಸ್ಸು ನಿಧಾನ ಮಾಡುತ್ತಾನೆ.

ನಾನು ಹುಟ್ಟಿದ್ದೇ ಎಡಗೆನ್ನೆ ಇಲ್ಲದೆ. ಬಲಗಡೆ ತುಂಬಿ ತುಳುಕುವ ಕೆನ್ನೆ, ಎಡಗಡೆ ಒಂದು ತಗ್ಗು. ಬಲಗಡೆಯಿಂದ ನೋಡಿದವರು ‘ಚಂಪಾ ಎಷ್ಟು ಲಕ್ಷಣವಾಗಿದಾಳೆ’ ಎನ್ನುತ್ತಿದ್ದರು. ಎಡಗಡೆಯಿಂದ ನೋಡಿದವರು ಊಟ ಆಯಿತಾ ಎಂದು ಕೇಳುತ್ತಿದ್ದರು. ಅಮ್ಮ ಕೊಡಬಹುದಿತ್ತು, ಆದರೆ ಅಮ್ಮನ ಎರಡು ಕೆನ್ನೆಯೂ ನಾನು ಹುಟ್ಟುವ ಮೊದಲೇ ಅಣ್ಣನಿಗೆ ಹೋಗಿದ್ದವು. ಅವನಿಗೆ ಅದರ ಅಗತ್ಯವೇ ಇರಲಿಲ್ಲ. ಈಗಲೂ ಅವನು ಅನ್ನ ಅಗಿಯುವಾಗ ಎದುರಿಗೆ ಕೂತವರಿಗೆ ಅವನ ಕಣ್ಣು ಕಾಣಿಸುವುದಿಲ್ಲ.

ಕೆನ್ನೆ ಬರಿಸಿಕೊಳ್ಳಲು ನಾನು ಮಾಡದ ಪ್ರಯತ್ನವಿಲ್ಲ. ಚಿಕ್ಕವಳಿದ್ದಾಗ ಅಮ್ಮ ಎಡದವಡೆಯಲ್ಲಿ ಬೆಲ್ಲದ ಚೂರು ಇಟ್ಟು ಮಲಗಿಸುತ್ತಿದ್ದಳು. ಕೆನ್ನೆ ಬರಲಿಲ್ಲ, ಹಲ್ಲು ಹೋಯಿತು. ಆಮೇಲೆ ಹರಳೆಣ್ಣೆ ಹಚ್ಚಿ ಕೆಳಗಿನಿಂದ ಮೇಲಕ್ಕೆ ತಿಕ್ಕಿದ್ದಾಯಿತು, ಬಲೂನು ಊದಿದ್ದಾಯಿತು, ಅಕ್ಕಪಕ್ಕದವರು ಬಂದು ಬೈಯುವ ತನಕ ಶಂಖ ಊದಿದ್ದಾಯಿತು. ಒಂದು ವರ್ಷ ಹೊರಗಿನಿಂದ ಒಬ್ಬ ಸೂಜಿ ಡಾಕ್ಟರು ಬಂದ. ಸೂಜಿಯಲ್ಲಿ ಏನೋ ಲೋಳೆಯಂಥದ್ದು ತುಂಬಿಕೊಂಡು ಕೆನ್ನೆಗೆ ಚುಚ್ಚುತ್ತಿದ್ದ. ಮೂಳೆಯ ಮೇಲೆ ಕೂರಿಸುವ ಬಿಲ್ಲೆಗಳೂ ಅವನ ಪೆಟ್ಟಿಗೆಯಲ್ಲಿದ್ದವು, ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಹೊಟ್ಟೆಯ ಕೊಬ್ಬು ತೆಗೆದು ಕೆನ್ನೆಗೆ ಹಾಕುತ್ತೇನೆಂದೂ ಹೇಳಿದ, ಅದಕ್ಕೆ ಅಡುಗೆಭಟ್ಟರೊಬ್ಬರೇ ಮುಂದೆ ಬಂದರು. ನಾನು ಅವನ ಬಾಗಿಲಲ್ಲಿ ಸಾಲಿನಲ್ಲಿ ನಿಂತಿದ್ದೆ, ನನ್ನ ಸರದಿ ಬರುವ ಮೊದಲೇ ಮಂಜು ಬಂತು. ಅವನ ಲೋಳೆಗೆ ನಮ್ಮ ಮಂಜಿನ ಪರಿಚಯವಿರಲಿಲ್ಲ. ಹೆಡ್‌ಮಾಸ್ಟರ ಆಗಲೇ ಚುಚ್ಚಿಸಿಕೊಂಡಿದ್ದ ಎರಡು ಕೆನ್ನೆಯೂ ಜಾರಿ ಗದ್ದದ ಕೆಳಗೆ ತೂಗಾಡತೊಡಗಿದವು. ಅವರು ಅವನ್ನು ಮಫ್ಲರಿನಲ್ಲಿ ಕಟ್ಟಿಕೊಂಡು ಪಾಠ ಮಾಡಿದರು. ಡಾಕ್ಟರು ಮರುದಿನದ ಬಸ್ಸಿಗೆ ಹೊರಟುಹೋದ.

ಇಷ್ಟು ಒದ್ದಾಡಲು ಕಾರಣ ನೂಲು. ನಮ್ಮಲ್ಲಿ ಜಾತಕ ನೋಡುವುದಿಲ್ಲ, ನೂಲಿಡುತ್ತಾರೆ. ಹುಡುಗನ ತಾಯಿ ಅರಿಶಿನದ ನೀರಿನಲ್ಲಿ ನೆನೆಸಿದ ನೂಲನ್ನು ಹುಡುಗಿಯ ಮೂಗಿನ ತುದಿಯಿಂದ ಕೆನ್ನೆಯ ಮೇಲೆ ಹಾಯಿಸಿ ಕಿವಿಯವರೆಗೆ ಎಳೆದು ಗಂಟು ಹಾಕುತ್ತಾಳೆ. ಅದೇ ನೂಲನ್ನು ಇನ್ನೊಂದು ಕೆನ್ನೆಗೆ ಇಟ್ಟಾಗ ಗಂಟು ಕಿವಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಸಂಸಾರ ಒಂದು ಕಡೆಗೆ ವಾಲುತ್ತದೆಯಂತೆ. ಹುಡುಗರಿಗೂ ಇಡುತ್ತಾರೆ, ಆದರೆ ಅವರಿಗೆ ಗಡ್ಡ ಇರುತ್ತದಲ್ಲ, ನೂಲು ಹೇಗೋ ಹೊಂದಿಕೊಳ್ಳುತ್ತದೆ. ನನಗೆ ನೂಲಿಟ್ಟ ಎರಡು ಮನೆಯವರು ಗಂಟು ನೋಡಿ, ಉಪ್ಪಿಟ್ಟು ತಿಂದು, ಎದ್ದುಹೋಗಿದ್ದರು. ಮೂರನೆಯದು ಮುಕುಂದನ ಸಂಬಂಧ.

ಮುಕುಂದ ದೋಣಿಗಳಿಗೆ ಡಾಂಬರು ಬಳಿಯುವವನು. ನನಗೆ ಅವನು ಇಷ್ಟ, ಆ ಡಾಂಬರಿನ ವಾಸನೆಯ ಸಮೇತ. ಒಂದು ಸಲ ನಾನು ನೀರಿಗೆ ಹೋದಾಗ ಅವನು ತಲೆ ಎತ್ತದೆ, ‘ನಂಗೆ ನಿನ್ನ ಆ ಎಡಗಡೆನೇ ಇಷ್ಟ ಕಣೆ’ ಎಂದಿದ್ದ. ಅವತ್ತು ಕೊಡ ತುಂಬಿ ಹರಿದದ್ದು ನನಗೆ ತಿಳಿಯಲೇ ಇಲ್ಲ. ಆದರೆ ಅವನ ತಾಯಿ ರುಕ್ಕಮ್ಮನಿಗೆ ನೂಲೆಂದರೆ ನೂಲು. ತಾಯಿಯ ಮುಂದೆ ಮುಕುಂದನ ಬಾಯಿಗೆ ಬೀಗ.

‘ನಂದು ತಗೋ’ ಎಂದರು ಅತ್ತಿಗೆ, ಒಂದು ಸಂಜೆ ಅಕ್ಕಿ ಆರಿಸುತ್ತಾ. ಅಣ್ಣನ ಹೆಂಡತಿ ಇಂದುಮತಿ, ಆಚೆ ದಡದ ಹುಡುಗಿ. ಮಾತಿಗೊಮ್ಮೆ ನಗುವವರು. ನಕ್ಕಾಗ ಬಲಗೆನ್ನೆಯಲ್ಲಿ ಮಾತ್ರ ಒಂದು ಗುಳಿ ಬೀಳುತ್ತಿತ್ತು.

‘ನಿಮ್ಮ ಮುಖ ಹಾಳಾಗುತ್ತೆ ಅತ್ತಿಗೆ.’

‘ನನ್ನ ಮುಖ ನೋಡೋರು ಯಾರಿದಾರೆ? ನಿಮ್ಮಣ್ಣ ಊಟಕ್ಕೆ ಕೂತ್ರೆ ತಟ್ಟೆ ಬಿಟ್ಟು ತಲೆ ಎತ್ತಲ್ಲ. ಬಾರೇ, ಮಂಜು ಬಂತು.’

ಕೆನ್ನೆ ಕೊಡುವವರೂ ತೆಗೆದುಕೊಳ್ಳುವವರೂ ಅಕ್ಕಪಕ್ಕ ಕೂರಬೇಕು, ಇಬ್ಬರೂ ನೀರಿನ ಕಡೆ ಮುಖ ಮಾಡಬೇಕು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ತಲೆಯ ಹಿಂದಿನಿಂದ ಕೈ ಬಳಸಿ ಕೊಡಬೇಕು. ಇದು ನಮ್ಮೂರಿನ ಕೂಸಿಗೂ ಗೊತ್ತು. ಅತ್ತಿಗೆ ಈ ಊರಿನವರಲ್ಲ. ‘ಕಾಣದೆ ಹೇಗೆ ತುಂಬೋದು? ನೋಡ್ಕೊಂಡು ತುಂಬಿದ್ರೆ ಚೆನ್ನಾಗಿ ಬರುತ್ತೆ’ ಎಂದು ನನ್ನ ಎದುರಿಗೆ ಮಂಡಿಯೂರಿ ಕುಳಿತರು. ನಾನು ತಡೆಯಬೇಕಿತ್ತು, ಆದರೆ ನನ್ನನ್ನು ಅಷ್ಟು ಹತ್ತಿರದಿಂದ, ಅಷ್ಟು ಪ್ರೀತಿಯಿಂದ ಯಾರೂ ನೋಡಿರಲಿಲ್ಲ. ಅವರು ತಮ್ಮ ಬಲಗೆನ್ನೆಯಿಂದ ಚಿಟಿಕೆ ಚಿಟಿಕೆಯಾಗಿ ತೆಗೆದು ನೇರವಾಗಿ ನನ್ನ ಎಡಗೆನ್ನೆಗೆ ತುಂಬಿದರು. ನಡುನಡುವೆ ಹಿಂದಕ್ಕೆ ಸರಿದು, ರಂಗೋಲಿ ನೋಡುವ ಹಾಗೆ ತಲೆ ವಾರೆ ಮಾಡಿ ನೋಡಿದರು. ಮಂಜು ಕರಗಿದಾಗ ಕನ್ನಡಿಯಲ್ಲಿ ನನಗೆ ನಾನೇ ಸಿಕ್ಕಿದೆ, ಎರಡು ಕಡೆಯಿಂದಲೂ. ನಾನು ಕುಣಿದಾಡಿಬಿಟ್ಟೆ.

ಮರುದಿನ ತಿಥಿಯ ಮನೆಗೆ ಹೋಗಿದ್ದೆ. ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದಾಗ ನನ್ನ ಎಡಗೆನ್ನೆ ಇದ್ದಕ್ಕಿದ್ದಂತೆ ಮೇಲಕ್ಕೆದ್ದು ನಕ್ಕಿತು. ಗುಳಿಯೂ ಬಿತ್ತು. ಕೈ ಅಡ್ಡ ಇಟ್ಟುಕೊಂಡು ಎದ್ದು ಓಡಿಬಂದೆ. ಮನೆಯಲ್ಲಿ ಅತ್ತಿಗೆ ಬೆಕ್ಕಿನ ತಲೆ ಚೊಂಬಿನಲ್ಲಿ ಸಿಕ್ಕಿಕೊಂಡದ್ದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕಟ್ಟೆಯ ಮೇಲೆ ಭಾಗೀರತಜ್ಜಿ ಎಂಬವಳಿದ್ದಾಳೆ, ಊರಿನವರ ಕೆನ್ನೆಯ ಕೊಡುಕೊಳ್ಳುವಿಕೆಯೆಲ್ಲ ಅವಳ ಎದುರಿಗೇ ನಡೆಯುವುದು. ನನ್ನ ಕೆನ್ನೆ ಒತ್ತಿ ನೋಡಿದಳು. ‘ಎದುರು ಕೂತು ತಗೊಂಡ್ಯಾ? ಅಯ್ಯೋ ಪೆದ್ದಿ. ಎದುರುಗೆನ್ನೆ ನಿಂದಾಗಲ್ಲ ಕಣೇ. ಇರೋದು ನಿನ್ನ ಮುಖದಲ್ಲಿ, ಕೇಳೋದು ಅವಳ ಮಾತು.’

ಕೆಲವು ದಿನ ನಮಗೆ ಇದೊಂದು ಆಟವೇ ಆಗಿಹೋಯಿತು. ನಾನು ನೀರಿನ ಹತ್ತಿರ ಇದ್ದಾಗ ನನ್ನ ಎಡಗೆನ್ನೆ ಉಬ್ಬಿದರೆ ಕಾಫಿ ಆಗಿದೆ ಎಂದರ್ಥ. ಅತ್ತಿಗೆ ಹುಣಸೆಹಣ್ಣು ಚೀಪಿದರೆ ನನ್ನ ಕೆನ್ನೆ ಮುದುಡುತ್ತಿತ್ತು. ಬಟ್ಟೆ ಒಗೆಯುವಾಗ ಸುಮ್ಮಸುಮ್ಮನೆ ಗುಳಿ ಬಿದ್ದರೆ, ಈಗ ಮನೆಯಲ್ಲಿ ಅತ್ತಿಗೆ ಯಾವುದಕ್ಕೋ ನಗುತ್ತಿದ್ದಾರೆ ಎಂದು ತಿಳಿದು ನನಗೂ ನಗು ಬರುತ್ತಿತ್ತು. ಅಮ್ಮ ಹೋದ ಮೇಲೆ ಇಷ್ಟು ಸುಖವಾಗಿ ಇದ್ದದ್ದು ನನಗೆ ನೆನಪಿಲ್ಲ.

ಆಮೇಲೆ ಮಧ್ಯಾಹ್ನದ ಹೊತ್ತು ಕೆನ್ನೆ ಒದ್ದೆಯಾಗತೊಡಗಿತು. ಕಣ್ಣು ಒಣಗಿಯೇ ಇರುತ್ತಿತ್ತು, ಎಡಗೆನ್ನೆ ಮಾತ್ರ ಬಿಸಿಯಾಗಿ, ಅದುರಿ, ನೀರಾಡುತ್ತಿತ್ತು. ಮನೆಗೆ ಹೋದರೆ ಅತ್ತಿಗೆ ಎಂದಿನ ಹಾಗೆ ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

‘ಅತ್ತಿಗೆ, ಅತ್ತಿರಾ?’

‘ಈರುಳ್ಳಿ ಹೆಚ್ತಿದ್ದೆ ಕಣೇ.’

ಅಂದು ಮಾಡಿದ್ದು ಕುಂಬಳಕಾಯಿ ಹುಳಿ. ಅದರಲ್ಲಿ ಈರುಳ್ಳಿಯ ಸುಳಿವೇ ಇರಲಿಲ್ಲ. ಅಣ್ಣನೊಡನೆ ಏನಾದರೂ ಆಯಿತೇ ಎಂದು ಅವನ ಮುಖ ನೋಡಿದೆ. ಅವನು ಎರಡನೇ ಸಲ ಹುಳಿ ಹಾಕಿಸಿಕೊಳ್ಳುತ್ತಿದ್ದ.

ರುಕ್ಕಮ್ಮ ನೂಲಿಡುವ ದಿನ ಗೊತ್ತಾಯಿತು. ಅತ್ತಿಗೆ ಮನೆಯೆಲ್ಲ ಸಾರಿಸಿದರು, ಚಕ್ಕುಲಿ ಕರಿದರು, ನನ್ನ ಸೀರೆಗೆ ಅಂಚು ಹೊಲಿದರು. ಮಧ್ಯಾಹ್ನ ಮಾತ್ರ ಅರ್ಧ ತಾಸು ಎಲ್ಲಿಯೋ ಮಾಯವಾಗುತ್ತಿದ್ದರು, ಆಗ ನನ್ನ ಕೆನ್ನೆ ತಡೆಯಲಾರದಷ್ಟು ಅದುರುತ್ತಿತ್ತು. ನನಗೆ ಹೆದರಿಕೆಯಾಯಿತು. ನೂಲು ಇಟ್ಟಾಗ ಕೆನ್ನೆ ಹೀಗೆ ಅದುರಿದರೆ ಗಂಟು ಜಾರುತ್ತದೆ. ಜಾರಿದರೆ ಮುಕುಂದ ಇಲ್ಲ. ರುಕ್ಕಮ್ಮನ ಅಣ್ಣನಿಗೆ ಎರಡೂ ಕೆನ್ನೆ ಸರಿಯಿರುವ ಮಗಳೊಬ್ಬಳಿದ್ದಾಳೆ ಎಂಬುದು ಊರಿಗೆಲ್ಲ ಗೊತ್ತು.

ನೂಲಿನ ಹಿಂದಿನ ದಿನ ಸಂಜೆ ಕಟ್ಟೆಗೆ ಹೋದೆ. ಭಾಗೀರತಜ್ಜಿ ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. ‘ಆ ಕೆನ್ನೇನ ಮಲಗಿಸಿಬಿಡ್ತೀನಿ ಬಿಡು. ಮಂಜಲ್ಲಿ ನಾಲ್ಕು ಸಲ ಸವರಿದ್ರೆ ನಿದ್ದೆ ಹೋಗುತ್ತೆ. ಆಮೇಲೆ ಅದು ನಿಂದೇ.’

‘ಅತ್ತಿಗೆಗೆ ನೋವಾಗುತ್ತಾ ಅಜ್ಜಿ?’

‘ಅವಳಿಗೇನೂ ಆಗಲ್ಲ. ನಿಂಗೂ ಆಗಲ್ಲ. ಅವಳು ಅಲ್ಲಿ ಬಿದ್ದು ಹೊರಳಾಡಿ ಅತ್ರೂ ನಿಂಗೆ ಗೊತ್ತಾಗಲ್ಲ.’

ಮಂಜು ಕಟ್ಟೆಯನ್ನು ಮುಚ್ಚುತ್ತಿತ್ತು. ಅಜ್ಜಿಯ ಕೈ ನನ್ನ ಕೆನ್ನೆಗೆ ತಾಗುವಷ್ಟರಲ್ಲಿ ಕೆನ್ನೆ ಒಂದು ಸಲ ಬಿಕ್ಕಿತು. ಕೈಯನ್ನು ಹಿಂದಕ್ಕೆಳೆದುಕೊಂಡ ಅಜ್ಜಿ, ‘ಈಗ ಅಳ್ತಿರೋದು ನೀನೋ, ಅವಳೋ?’ ಎಂದು ಕೇಳಿದಳು. ನಾನು ಎದ್ದೆ. ನೂಲು, ಗಂಟು, ರುಕ್ಕಮ್ಮ, ಎಲ್ಲ ಆಮೇಲೆ ಎನ್ನಿಸಿತು. ಮಂಜಿನಲ್ಲಿ ದಾರಿ ಕಾಣದೆ ಗೋಡೆ ಹಿಡಿದುಕೊಂಡೇ ಮನೆಗೆ ಬಂದೆ.

ಅತ್ತಿಗೆ ಉಗ್ರಾಣದಲ್ಲಿ ಹುಣಸೆಹಣ್ಣಿನ ಭರಣಿಗೆ ಒರಗಿ ಕುಳಿತಿದ್ದರು. ಬಾಯಿಗೆ ಸೆರಗು ತುರುಕಿಕೊಂಡಿದ್ದರು. ನನ್ನನ್ನು ನೋಡಿ ಅಭ್ಯಾಸಬಲದಿಂದ ನಗಲು ಹೋದರು. ನಾನು ಪಕ್ಕದಲ್ಲಿ ಕುಸಿದು ಕೂತೆ.

‘ಈರುಳ್ಳಿ ಅಂದ್ರೆ ನೋಡಿ ಮತ್ತೆ’ ಎಂದೆ.

ಆಗ ಹೇಳಿದರು. ಆಚೆ ದಡದಿಂದ ಬಾಳೆಹಣ್ಣು ತರುವವನು ಸುದ್ದಿ ತಂದಿದ್ದ. ಅತ್ತಿಗೆಯ ತಾಯಿ ಹಾಸಿಗೆ ಹಿಡಿದಿದ್ದಾರೆ. ಗಂಜಿಯನ್ನೂ ಕುಡಿಯುತ್ತಿಲ್ಲ. ಇಂದೂ, ಇಂದೂ ಎಂದು ಒಂದೇ ಸಮ ಕರೆಯುತ್ತಿದ್ದಾರೆ.

‘ಹೋಗೋದಲ್ವಾ ಅತ್ತಿಗೆ? ಅವತ್ತೇ ಹೋಗೋದಲ್ವಾ?’

‘ಮನೇಲಿ ಶುಭಕಾರ್ಯ ಇಟ್ಕೊಂಡು? ಸೂತಕ ಗೀತಕ ಅಂದ್ರೆ ಆ ರುಕ್ಕಮ್ಮ ವರ್ಷಗಟ್ಟಲೆ ಮುಂದಕ್ಕೆ ಹಾಕ್ತಾಳೆ. ನಿನ್ನ ನೂಲು ಮುಗೀಲಿ ಅಂತ ಇದ್ದೆ.’ ತಮ್ಮ ಬಲಗೆನ್ನೆಯ ತಗ್ಗನ್ನು ಮುಟ್ಟಿಕೊಂಡರು. ‘ಹೋದ್ರೂ ಏನ್ ಮಾಡ್ಲಿ ಚಂಪಾ? ಅಮ್ಮಂಗೆ ಕಣ್ಣು ಹೋಗಿ ಕಾಲ ಆಯ್ತು. ಕಿವೀನೂ ಕೇಳ್ಸಲ್ಲ. ಯಾರು ಬಂದ್ರೂ ಮುಟ್ಟಿ ನೋಡೋದೇ. ನನ್ನ ಈ ಕೆನ್ನೆ ಮುಟ್ಟಿ, ಗುಳೀಲಿ ಬೆರಳಿಟ್ಟು, ಬಂದ್ಯಾ ಅನ್ನೋಳು. ಈಗ ಏನಿದೆ ಇಲ್ಲಿ? ಯಾರೋ ಅಂತ ಮುಖ ತಿರುಗಿಸ್ತಾಳೆ.’

ಮಂಜು ಉಗ್ರಾಣದ ಒಳಗೂ ಬಂದಿತ್ತು. ನಾನು ಎಡಗೆನ್ನೆಗೆ ಕೈ ಹಾಕಿ ಅಷ್ಟನ್ನೂ ಕಿತ್ತು ಅವರ ತಗ್ಗಿಗೆ ಒತ್ತಿದೆ. ಅದು ಅವರ ಗದ್ದದ ಮೇಲೆ ಜಾರಿ, ನನ್ನ ಕೈಗೆ ಬಂದು, ತಾನಾಗಿ ನನ್ನ ಮುಖಕ್ಕೇ ಅಂಟಿಕೊಂಡಿತು. ಮತ್ತೆ ಒತ್ತಿದೆ. ಹಾಗಾಗುತ್ತದೆಂದು ಚಿಕ್ಕಂದಿನಿಂದ ಗೊತ್ತಿದ್ದೂ ಮತ್ತೆ ಮತ್ತೆ ಒತ್ತಿದೆ. ಕೊನೆಗೆ ಅತ್ತಿಗೆಯೇ ನನ್ನ ಕೈ ಹಿಡಿದುಕೊಂಡರು.

‘ಹಾಗಾದ್ರೆ ನಾನೂ ಬರ್ತೀನಿ. ಕೆನ್ನೆ ನನ್ನ ಹತ್ರ ಇದೆ, ನಾನೇ ತರ್ತೀನಿ’ ಎಂದೆ.

‘ನಾಳೆ ನೂಲು ಕಣೇ!’

‘ನಾಳೆ ದೋಣೀನೂ ಇದೆ.’

ಅಣ್ಣನಿಗೆ ಹೇಳಿದಾಗ ಅವನು ಮೊದಲು ನನ್ನನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಅತ್ತಿಗೆಯ ಮುಖದ ತಗ್ಗನ್ನು ಅವನು ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು. ‘ನನಗೊಂದು ಮಾತು ಹೇಳೋದಲ್ವಾ?’ ಎಂದ. ಅವನು ಒಂದು ಡಬ್ಬಿಗೆ ಚಕ್ಕುಲಿ ತುಂಬಿ ತಂದು ಅತ್ತಿಗೆಯ ಕೈಗೆ ಕೊಟ್ಟು, ‘ರುಕ್ಕಮ್ಮಂಗೆ ನಾನು ಹೇಳ್ಕೋತೀನಿ, ಹೋಗಿ ಬನ್ನಿ’ ಎಂದ.

ಬೆಳಿಗ್ಗೆ ದಡದಲ್ಲಿ ಮುಕುಂದ ದೋಣಿಯೊಂದನ್ನು ಬೋರಲು ಹಾಕಿಕೊಂಡು ಡಾಂಬರು ಬಳಿಯುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತ.

‘ಎಲ್ಲಿಗೆ? ಅಮ್ಮ ಆಗ್ಲೇ ನೂಲು ನೆನೆಹಾಕಿದಾಳೆ.’

‘ನೆನೀಲಿ’ ಎಂದೆ. ‘ಅತ್ತಿಗೆ ಅವರಮ್ಮನ್ನ ನೋಡ್ಬೇಕು. ನಾನು ಹೋಗದೆ ಆಗಲ್ಲ ಮುಕುಂದ.’

‘ಅಮ್ಮ ಇನ್ನೊಂದು ದಿನ ಅಂತ ಕಾಯೋಳಲ್ಲ, ಗೊತ್ತಲ್ಲ ನಿಂಗೆ.’

‘ಗೊತ್ತು.’

ನಾವು ಅಂಬಿಗನ ದೋಣಿಯಲ್ಲಿ ಕುಳಿತ ಮೇಲೆ ಅವನು ಎರಡು ಕೈಯಿಂದಲೂ ಅದನ್ನು ನೀರಿಗೆ ತಳ್ಳಿದ. ಸಿಟ್ಟಿನಿಂದ ತಳ್ಳಿದನೋ ಬೇಗ ತಲುಪಲಿ ಎಂದು ತಳ್ಳಿದನೋ, ನನಗೆ ಇವತ್ತಿಗೂ ತಿಳಿಯದು. ದೋಣಿಯ ಅಂಚಿನಲ್ಲಿ ಡಾಂಬರಿನ ಎರಡು ಅಂಗೈ ಗುರುತು ಉಳಿದಿತ್ತು. ಅಂಬಿಗ ಹುಟ್ಟು ಹಾಕಿದಂತೆಲ್ಲ ನಮ್ಮೂರು ಚಿಕ್ಕದಾಗುತ್ತಾ ಹೋಯಿತು, ನಾನು ಅತ್ತೆ.

ನೀರಿನ ನಡುವೆ ಗಾಳಿಯಿಲ್ಲ, ಸದ್ದಿಲ್ಲ. ಆಚೆ ದಡದಲ್ಲಿ ಮಂಜು ಬರುವುದಿಲ್ಲ, ಅಲ್ಲಿನವರು ಹುಟ್ಟಿದ ಕೆನ್ನೆಯಲ್ಲೇ ಸಾಯುತ್ತಾರೆ. ಅಲ್ಲಿಗೆ ಹೋದ ಮೇಲೆ ನನ್ನ ಕೆನ್ನೆ ಅತ್ತಿಗೆಯ ಮಾತು ಕೇಳುತ್ತದೆಯೋ ಇಲ್ಲವೋ ಎಂಬ ಭಯ ನನಗೆ. ಅರ್ಧ ದಾರಿ ದಾಟಿದರೂ ನನ್ನ ಎಡಗೆನ್ನೆ ಒದ್ದೆಯಾಗಿಯೇ ಇತ್ತು. ಅತ್ತಿಗೆ ಮುಂದೆ ಕುಳಿತು, ನನಗೆ ಬೆನ್ನು ಮಾಡಿ, ನೀರಿಗೆ ಬೆರಳು ಇಳಿಬಿಟ್ಟಿದ್ದರು. ಅವರು ಅಳುತ್ತಿದ್ದಾರೆ, ಕೆನ್ನೆ ಎಚ್ಚರವಾಗಿದೆ ಎಂದು ನನಗೆ ಸಮಾಧಾನವಾಯಿತು. ಎಂಥ ಸಮಾಧಾನ!

ಅತ್ತಿಗೆಯ ತಮ್ಮನ ಹೆಂಡತಿ ಬಾಗಿಲು ತೆಗೆದಳು. ಒಳಗೆ ಬಿಸಿಲು ಬೀಳುವ ಕಡೆ ಮಂಚ ಹಾಕಿದ್ದರು. ಅದರಲ್ಲಿ ಅತ್ತಿಗೆಯ ತಾಯಿ ಮಗುವಿನಷ್ಟೇ ಆಗಿ ಮಲಗಿದ್ದರು. ಅತ್ತಿಗೆ ಓಡಿಹೋಗಿ ತಾಯಿಯ ಕೈಯನ್ನೆತ್ತಿ ತಮ್ಮ ಮುಖಕ್ಕೆ ಇಟ್ಟುಕೊಂಡರು. ನಾನು ಬೇಡವೆನ್ನಲು ಹೋದೆ, ಅಷ್ಟರಲ್ಲಿ ತಡವಾಗಿತ್ತು. ಆ ಬೆರಳುಗಳು ತಗ್ಗಿಗೆ ಇಳಿದವು. ನಿಂತವು. ಹಿಂದಕ್ಕೆ ಬಂದವು.

‘ಯಾರವ್ವಾ ನೀನು?’ ಎಂದರು ಆಕೆ. ‘ಇಂದೂ ಬರ್ಲಿಲ್ವಾ?’

ಅತ್ತಿಗೆ ನೆಲಕ್ಕೆ ಕುಸಿದರು. ನಾನು ಮಂಚದ ಅಂಚಿನಲ್ಲಿ ಕುಳಿತು, ಬಾಗಿ, ಆ ಕೈಯನ್ನು ತಂದು ನನ್ನ ಎಡಗೆನ್ನೆಯ ಮೇಲೆ ಇಟ್ಟೆ. ಅದು ಕಡ್ಡಿಯಂಥ ಕೈ, ತಣ್ಣಗಿತ್ತು. ಹೆಬ್ಬೆರಳು ಕೆನ್ನೆಯ ಮೇಲೆ ನಿಧಾನವಾಗಿ ಹುಡುಕತೊಡಗಿತು. ಕೆನ್ನೆ ಅಳುತ್ತಿತ್ತು, ಬಿಗಿದುಕೊಂಡಿತ್ತು. ಅದರಲ್ಲಿ ಗುಳಿಯೇ ಇರಲಿಲ್ಲ. ನಾನು ನಕ್ಕು ನೋಡಿದೆ, ನನ್ನ ಬಲಗೆನ್ನೆ ಮಾತ್ರ ಎದ್ದಿತು.

‘ಅತ್ತಿಗೆ, ನಗಿ.’

‘ಆಗಲ್ಲ ಕಣೇ.’

‘ಹುಡುಕ್ತಿದಾರೆ ಅತ್ತಿಗೆ. ಒಂದೇ ಒಂದು ಸಲ ನಗಿ.’

ಅತ್ತಿಗೆ ಮುಖ ಎತ್ತಿದರು. ತುಟಿ ಅಗಲಿಸಿದರು, ಅದು ಮತ್ತೆ ಅಳುವಾಗಿಯೇ ಹೊರಟಿತು. ನನ್ನ ಕೆನ್ನೆಯ ಮೇಲಿನ ಕೈ ಸೋತು ಜಾರಿತು. ಅತ್ತಿಗೆಯ ತಾಯಿ ಗೋಡೆಯ ಕಡೆ ಮುಖ ತಿರುಗಿಸಿ ಗೊಣಗಿದರು, ‘ಯಾರ್ಯಾರನ್ನೋ ತಂದು ಮುಟ್ಟುಸ್ತೀರಲ್ಲ. ನಾನೇನು ಸಂತೇಲಿ ಬದನೆಕಾಯಿ ಆರಿಸ್ತಾ ಇದೀನಾ?’

ಅತ್ತಿಗೆಗೆ ನಗು ಬಂದುಬಿಟ್ಟಿತು. ಅಳುವಿನ ನಡುವೆಯೇ, ಮೂಗು ಸೋರುತ್ತಿದ್ದಂತೆಯೇ, ಹಳೆಯ ಇಂದುಮತಿಯ ಹಾಗೆ ಪಕ್ಕನೆ ನಕ್ಕರು. ನನ್ನ ಎಡಗೆನ್ನೆ ಎದ್ದಿತು, ಗುಳಿ ಬಿತ್ತು. ನಾನು ಜಾರುತ್ತಿದ್ದ ಆ ಕೈಯನ್ನು ಹಿಡಿದು ಮತ್ತೆ ಕೆನ್ನೆಗೆ ತಂದೆ. ಹೆಬ್ಬೆರಳು ಒಂದು ಸುತ್ತು ಸವರಿ, ಹೋಗಿ ಗುಳಿಯಲ್ಲಿ ಕುಳಿತಿತು.

‘ಬಂದ್ಯಾ’ ಎಂದರು ಆಕೆ. ‘ಎಷ್ಟೊತ್ತು ಮಾಡ್ದೆ ಮಗಳೇ.’

ನನ್ನ ಎರಡು ಕಣ್ಣಿನಿಂದಲೂ ನೀರು ಹರಿಯುತ್ತಿತ್ತು. ಮುಖ ಅಲುಗಿದರೆ ಬೆರಳು ಜಾರೀತೆಂದು ಉಸಿರು ಬಿಗಿಹಿಡಿದು ಬಾಗಿಯೇ ಇದ್ದೆ. ಅತ್ತಿಗೆ ನೆಲದ ಮೇಲೆ ಕುಳಿತು, ತಾಯಿಯ ಕಾಲಿಗೆ ಹಣೆಯಿಟ್ಟುಕೊಂಡು, ಬಿಸಿಲು ಮಂಚದಿಂದ ಇಳಿದು ಬಾಗಿಲಿಗೆ ಹೋಗುವ ತನಕ, ಆ ಹೆಬ್ಬೆರಳು ತಾನಾಗಿ ಸಡಿಲವಾಗುವ ತನಕ, ನಗುತ್ತಲೇ ಇದ್ದರು.